ಬೇಲಂ ಗುಹೆಗೆ ಹೊರಡುವ ಮುಂಚೆ: ಹಾಸನ, ಚಿಕ್ಕಮಗಳೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ನಾವು ನಾಲ್ಕೈದು ಜನ ಮೇಷ್ಟ್ರು, ಮೇಡಂಗಳು ಕೆಲವು ವರ್ಷಗಳಿಂದ ಮಕ್ಕಳನ್ನು ಆಂಧ್ರದ ಬೇಲಂ ಗುಹೆಗೆ ಕರೆದುಕೊಂಡು ಹೋಗುತ್ತಿದ್ದೇವೆ. ಈಗ ಮನೆ ಮಂದಿಯೊಂದಿಗೆ ಹೊರಡುವವರೂ ಫೋನ್ ಮಾಡಿ ಕೇಳುತ್ತಾರೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇವೆ.

ಗುಹೆ ನೋಡೋಕೆ ಅಷ್ಟು ದೂರ ಯಾಕೆ ಹೋಗಬೇಕು? ನಮ್ಮಲ್ಲೇ ಗುಹೆಗಳಿವೆಯಲ್ಲ?

ಇವೆ, ಮತ್ತು ಒಂದೊಂದೂ ನೋಡಬೇಕಾದ್ದೇ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಭದ್ರಬಾಹು ಗುಹೆ ಇದೆ. ಮುಳ್ಳಯ್ಯನಗಿರಿಯ ಗುಡಿಯ ಹತ್ತಿರ ಗುಹೆ ಇದೆ. ಬಾಬಾಬುಡನ್‌ಗಿರಿಯಲ್ಲಿ ಮುರಕಲ್ಲಿನ ಗುಹೆ ಇದೆ. ಆದರೆ ಇವು ಹುಟ್ಟಿದ ಬಗೆಯೇ ಬೇರೆ. ಬೆಳಗೊಳದ್ದು ದೊಡ್ಡ ಬಂಡೆಗಳ ಕೆಳಗೆ ಉಳಿದ ಜಾಗ. ಗಿರಿಯದ್ದು ಮುರಕಲ್ಲು ಸವೆದು ಆದ ಪೊಳ್ಳು.

ನಮ್ಮ ಎರಡೂ ಜಿಲ್ಲೆಗಳ ನೆಲ ಬಹಳ ಹಳೆಯದು. ಗೊರೂರಿನ ಸುತ್ತಲಿನ ಬಂಡೆಗಳು 300 ಕೋಟಿ ವರ್ಷಕ್ಕಿಂತ ಹಿಂದಿನವು. ಬಾಬಾಬುಡನ್ ಗಿರಿಸಾಲಿನ ಕಬ್ಬಿಣದ ಕಲ್ಲು ಒಂದು ಕಾಲದಲ್ಲಿ ಸಮುದ್ರದ ತಳವಾಗಿತ್ತು. ಕೆಮ್ಮಣ್ಣುಗುಂಡಿಯಿಂದ ಭದ್ರಾವತಿ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಈ ಸಾಲಿನಿಂದಲೇ. ಗ್ರಾನೈಟ್ ಆಗಲಿ ಕಬ್ಬಿಣದ ಕಲ್ಲಾಗಲಿ ಮಳೆನೀರಿಗೆ ಸುಲಭವಾಗಿ ಕರಗುವುದಿಲ್ಲ. ಸುಣ್ಣದ ಕಲ್ಲು ಕರಗುತ್ತದೆ. ಕರಗಿದ ಜಾಗ ಗುಹೆಯಾಗುತ್ತದೆ, ಕರಗಿದ ಸುಣ್ಣ ಅದೇ ಗುಹೆಯೊಳಗೆ ಮತ್ತೆ ಕಲ್ಲಾಗಿ ಇಳಿಯುತ್ತದೆ. ಇದನ್ನು ನೋಡಲಿಕ್ಕೇ ನಾವು ಬೇಲಂವರೆಗೆ ಹೋಗುವುದು.

ಕರ್ನಾಟಕದಲ್ಲಿ ಸುಣ್ಣದ ಕಲ್ಲಿನ ಗುಹೆಯೇ ಇಲ್ಲವಾ?

ಉತ್ತರ ಕನ್ನಡದಲ್ಲಿ ಇದೆ. ಯಾಣದ ಕಪ್ಪು ಶಿಖರಗಳು ಸುಣ್ಣದ ಕಲ್ಲಿನವು. ದಾಂಡೇಲಿ ಹತ್ತಿರದ ಕವಳಾ ಗುಹೆಯಲ್ಲಿ ನೆಲದಿಂದ ಎದ್ದು ಬೆಳೆದ ಕಲ್ಲನ್ನೇ ಜನ ಶಿವಲಿಂಗವಾಗಿ ಪೂಜಿಸುತ್ತಾರೆ. ಆದರೆ ಅದು ಕಾಡಿನೊಳಗಿನ ಇಕ್ಕಟ್ಟಾದ ಗುಹೆ. ಬಸ್ಸಿನಷ್ಟು ಮಕ್ಕಳನ್ನು ಕರೆದುಕೊಂಡು ಹೋಗುವಂಥದ್ದಲ್ಲ.

ಬೇಲಂ ಎಲ್ಲಿದೆ? ಎಷ್ಟು ದೊಡ್ಡದು?

ಆಂಧ್ರದ ನಂದ್ಯಾಲ ಜಿಲ್ಲೆಯ ಕೊಲಿಮಿಗುಂಡ್ಲ ಹತ್ತಿರ. ಮೊದಲು ಕರ್ನೂಲು ಜಿಲ್ಲೆಯಲ್ಲಿತ್ತು, 2022ರಲ್ಲಿ ಹೊಸ ಜಿಲ್ಲೆಗಳಾದಾಗ ನಂದ್ಯಾಲಕ್ಕೆ ಸೇರಿತು. ಹೆಸರು ‘ಬಿಲ’ ಎಂಬ ಮಾತಿನಿಂದ ಬಂದಿದೆ ಎನ್ನುತ್ತಾರೆ. ಇಲಿ ಬಿಲ, ಹಾವಿನ ಬಿಲ ಅಂತೀವಲ್ಲ, ಅದೇ ಬಿಲ.

ಅಳತೆ ಮಾಡಿದ ಉದ್ದ 3229 ಮೀಟರ್. ಅದರಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಮಾತ್ರ ಜನರಿಗೆ ತೆರೆದಿದೆ. ಪಾತಾಳಗಂಗೆ ಎಂಬ ಜಾಗ ಎಲ್ಲಕ್ಕಿಂತ ಆಳದ್ದು, ಬಾಗಿಲಿನ ಮಟ್ಟದಿಂದ 46 ಮೀಟರ್ ಕೆಳಗೆ. ದೂರದಿಂದ ನೋಡಿದರೆ ಅಲ್ಲೊಂದು ಗುಹೆ ಇದೆ ಎಂದೇ ಗೊತ್ತಾಗುವುದಿಲ್ಲ. ಗುಡ್ಡ ಇಲ್ಲ, ಬೆಟ್ಟ ಇಲ್ಲ. ಬಟಾಬಯಲು, ಅದರ ನಡುವೆ ಬಾವಿಯಂಥ ಮೂರು ಗುಂಡಿ. ನಡುವಿನ ಗುಂಡಿಯೇ ಬಾಗಿಲು. ಮೆಟ್ಟಿಲಿಳಿದು ಒಳಗೆ ಹೋಗಬೇಕು. ಗುಹೆ ಎಂದರೆ ಬೆಟ್ಟ ಹತ್ತಬೇಕು ಎಂದುಕೊಂಡ ಮಲೆನಾಡಿನ ಮಕ್ಕಳು ಇಲ್ಲೇ ಮೊದಲು ಬಾಯಿ ಬಿಟ್ಟು ನಿಲ್ಲುವುದು.

ಇದನ್ನು ಯಾರು ಕಂಡುಹಿಡಿದರು?

ಊರಿನವರಿಗೆ ಮೊದಲಿನಿಂದಲೂ ಗೊತ್ತಿತ್ತು. ಹಿಂದೆ ಜೈನ, ಬೌದ್ಧ ಸನ್ಯಾಸಿಗಳು ಇಲ್ಲಿ ಇದ್ದರು. ಬರಹದಲ್ಲಿ ದಾಖಲೆ ಮಾಡಿದ್ದು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, 1884ರಲ್ಲಿ. ಈ ಹೆಸರು ನಮಗೂ ಸಂಬಂಧಪಟ್ಟದ್ದು. ಬಾಬಾಬುಡನ್ ಬೆಟ್ಟಗಳಂಥ ಕಲ್ಲಿನ ಸಾಲುಗಳಿಗೆ ಭೂವಿಜ್ಞಾನಿಗಳು ಇವತ್ತಿಗೂ ‘ಧಾರವಾಡ’ ಶಿಲೆಗಳು ಎನ್ನುತ್ತಾರೆ. ಆ ಹೆಸರಿಟ್ಟವರೂ ಅವರೇ.

ಆಮೇಲೆ ನೂರು ವರ್ಷ ಯಾರೂ ಆ ಕಡೆ ಹೆಚ್ಚು ತಲೆ ಹಾಕಲಿಲ್ಲ. 1982–83ರಲ್ಲಿ ಡೇನಿಯಲ್ ಗೆಬಾವರ್ ಎಂಬವರ ಜೊತೆ ಜರ್ಮನಿಯ ತಂಡ ಬಂದು ಒಳಗೆಲ್ಲ ತೆವಳಿ ಅಳತೆ ಮಾಡಿತು. ಆ ಹೊತ್ತಿಗೆ ಸುತ್ತಲಿನ ಕಸವೆಲ್ಲ ಈ ಗುಂಡಿಗಳಿಗೇ ಬೀಳುತ್ತಿತ್ತು. 1988ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಜಾಗ ಎಂದು ಸಾರಿತು. ಆಂಧ್ರ ಪ್ರವಾಸೋದ್ಯಮ ನಿಗಮ ದೀಪ, ದಾರಿ ಮಾಡಿಸಿ, 2002ರ ಫೆಬ್ರವರಿಯಲ್ಲಿ ಜನರಿಗೆ ತೆರೆಯಿತು.

ನಮ್ಮೂರಿನಿಂದ ಹೋಗುವುದು ಹೇಗೆ?

ದಾರಿ 400 ಕಿಲೋಮೀಟರ್ ಆಸುಪಾಸು. ಚಿಕ್ಕಮಗಳೂರಿನವರು ಕಡೂರು, ಹಿರಿಯೂರು ಮೇಲೆ ಅನಂತಪುರ ಸೇರಿ, ಅಲ್ಲಿಂದ ತಾಡಿಪತ್ರಿಗೆ ಹೋಗಬಹುದು. ತಾಡಿಪತ್ರಿಯಿಂದ ಬೇಲಂಗೆ ಸುಮಾರು 30 ಕಿಲೋಮೀಟರ್. ಒಂದೇ ದಿನಕ್ಕೆ ಹೋಗಿಬರುತ್ತೇವೆ ಎಂದು ದಯವಿಟ್ಟು ಹೊರಡಬೇಡಿ. ಡ್ರೈವರ್‌ಗೂ ಹಿಂಸೆ, ಮಕ್ಕಳಿಗೂ ಹಿಂಸೆ. ಗುಹೆಯ ಹತ್ತಿರವೇ ಪ್ರವಾಸೋದ್ಯಮ ನಿಗಮದ ಹರಿತಾ ಹೋಟೆಲ್ ಇದೆ, ಇಲ್ಲದಿದ್ದರೆ ತಾಡಿಪತ್ರಿಯಲ್ಲಿ ಉಳಿಯಿರಿ. ಬೆಳಿಗ್ಗೆ ಗುಹೆ ತೆರೆಯುವ ಹೊತ್ತಿಗೆ ಬಾಗಿಲಲ್ಲಿ ಇರುವುದು ಒಳ್ಳೆಯದು. ಮಧ್ಯಾಹ್ನ ಜನ ಜಾಸ್ತಿಯಾದ ಹಾಗೆ ಒಳಗೆ ಸೆಕೆಯೂ ಜಾಸ್ತಿ.

ಯಾವ ತಿಂಗಳು ಒಳ್ಳೆಯದು?

ನವೆಂಬರ್‌ನಿಂದ ಫೆಬ್ರವರಿ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ನಮ್ಮ ಕಡೆಯವರಿಗೆ ತಡೆಯಲಾಗುವುದಿಲ್ಲ. ಜೋರು ಮಳೆ ಹಿಡಿದಿದ್ದರೆ ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ನೀರೇ ಕೊರೆದ ಗುಹೆ ಅದು, ಮಳೆ ಬಂದಾಗ ನೀರು ತನ್ನ ಹಳೆಯ ದಾರಿಯನ್ನೇ ಹುಡುಕುತ್ತದೆ.

ಗುಹೆಯೊಳಗೆ ತಂಪಾಗಿರುತ್ತೆ ಅಲ್ವಾ?

ಎಲ್ಲರೂ ಹಾಗೇ ಅಂದುಕೊಂಡು ಸ್ವೆಟರ್ ಹಾಕಿಕೊಂಡು ಬರುತ್ತಾರೆ. ಬೇಲಂ ಒಳಗೆ ಸೆಕೆ. ಗಾಳಿಯಲ್ಲಿ ತೇವ ಜಾಸ್ತಿ, ಹತ್ತು ನಿಮಿಷಕ್ಕೆ ಅಂಗಿ ಒದ್ದೆ. ಹೊರಗಿನಿಂದ ಗಾಳಿ ಒಳಗೆ ಕಳಿಸುವ ವ್ಯವಸ್ಥೆ ಇದೆ, ಆದರೂ ಬೆವರುತ್ತೇವೆ. ತೆಳು ಹತ್ತಿ ಬಟ್ಟೆ ಹಾಕಿಕೊಳ್ಳಿ. ನೆಲ ಕೆಲವು ಕಡೆ ಜಾರುತ್ತದೆ, ಹಿಡಿತ ಇರುವ ಶೂ ಬೇಕು. ಹವಾಯಿ ಚಪ್ಪಲಿ ಬೇಡವೇ ಬೇಡ. ಒಬ್ಬೊಬ್ಬರಿಗೂ ಒಂದು ನೀರಿನ ಬಾಟಲಿ, ಗುಂಪಿಗೆ ಎರಡು ಟಾರ್ಚ್ ಇರಲಿ. ಒಳಗೆ ದೀಪ ಇದೆ, ಆದರೆ ಕರೆಂಟು ಕರೆಂಟೇ.

ಒಳಗೆ ಏನೇನು ನೋಡಬೇಕು?

ಸಿಂಹದ್ವಾರ, ಕೋಟಿಲಿಂಗಗಳು, ಸಾವಿರ ಹೆಡೆ, ಆಲದ ಮರದ ಬಿಳಲಿನಂತೆ ಕಲ್ಲು ಇಳಿಬಿದ್ದ ಹಜಾರ, ಧ್ಯಾನ ಮಂದಿರ, ಪಾತಾಳಗಂಗೆ. ಹೆಸರುಗಳೆಲ್ಲ ಆಕಾರ ನೋಡಿ ಇಟ್ಟವು. ಗೈಡ್ ತೋರಿಸಿದಾಗ ಎಲ್ಲರಿಗೂ ಸಿಂಹ ಕಾಣುತ್ತದೆ. ಪಾತಾಳಗಂಗೆಯಲ್ಲಿ ಸಣ್ಣ ತೊರೆಯೊಂದು ಹರಿದು ಬಂದು ಕಲ್ಲಿನೊಳಗೆ ಮಾಯವಾಗುತ್ತದೆ. ಆ ನೀರು ಬೇಲಂ ಊರಿನ ಬಾವಿಗೆ ಹೋಗುತ್ತದೆ ಎಂದು ಅಲ್ಲಿಯವರು ನಂಬುತ್ತಾರೆ.

ನನ್ನನ್ನು ಕೇಳಿದರೆ ಹೆಸರಿರುವ ಜಾಗಗಳಿಗಿಂತ ಅವುಗಳ ನಡುವಿನ ಓಣಿಗಳು ಚೆಂದ. ಗೋಡೆಯ ಮೇಲೆ ನೀರು ಸುಳಿದ ಗುರುತು ಹಾಗೇ ಇದೆ. ಹೇಮಾವತಿ ಇಳಿದಾಗ ಮರಳಿನ ಮೇಲೆ ಅಲೆಯ ಗೆರೆ ಉಳಿಯುತ್ತದಲ್ಲ, ಅದನ್ನೇ ಕಲ್ಲಿನಲ್ಲಿ ನೋಡಿದ ಹಾಗೆ. ಇಡೀ ಓಣಿ ಒಂದು ಕಾಲದ ನೆಲದಡಿ ಹೊಳೆ ಎಂದು ಆಗ ಹೊಳೆಯುತ್ತದೆ.

ಕಲ್ಲು ಬೆಳೆಯುತ್ತೆ ಅಂತಾರಲ್ಲ, ಹೇಗೆ?

ಅರಸೀಕೆರೆ, ಕಡೂರು ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅದು ಸುಣ್ಣ. ನೀರಿನಲ್ಲಿ ಕರಗಿದ್ದದ್ದು ಹೊರಬಂದು ಅಂಟಿಕೊಂಡಿದೆ. ಗುಹೆಯಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ, ಬೆಂಕಿ ಮಾತ್ರ ಇಲ್ಲ.

ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಬೇರು, ಕೊಳೆತ ಎಲೆಗಳಿಂದ ಬರುವ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಳ್ಳುತ್ತದೆ. ಆಗ ನೀರು ಸ್ವಲ್ಪ ಹುಳಿಯಾಗುತ್ತದೆ, ಸೋಡಾ ನೀರಿನ ಹಾಗೆ. ಆ ಹುಳಿಗೆ ಸುಣ್ಣದ ಕಲ್ಲು ಕರಗುತ್ತದೆ. ಬಿರುಕಿನಲ್ಲಿ ಇಳಿದು ಗುಹೆಯ ಚಾವಣಿಗೆ ಬಂದಾಗ, ಸೋಡಾ ಬಾಟಲಿ ತೆರೆದಂತೆ, ನೀರಿನಲ್ಲಿದ್ದ ಗಾಳಿ ಹೊರಟುಹೋಗುತ್ತದೆ. ಸುಣ್ಣವನ್ನು ಹಿಡಿದಿಡುವ ಶಕ್ತಿ ನೀರಿಗೆ ಕಡಿಮೆಯಾಗುತ್ತದೆ. ಕೂದಲೆಳೆಗಿಂತ ತೆಳುವಾದ ಸುಣ್ಣದ ಉಂಗುರ ಚಾವಣಿಯಲ್ಲೇ ಉಳಿಯುತ್ತದೆ, ಹನಿ ಕೆಳಗೆ ಬೀಳುತ್ತದೆ. ಬಿದ್ದ ಕಡೆ ಇನ್ನೊಂದಿಷ್ಟು ಸುಣ್ಣ. ಮೇಲಿನಿಂದ ಇಳಿದದ್ದು ಸ್ಟ್ಯಾಲಕ್ಟೈಟ್, ಕೆಳಗಿನಿಂದ ಎದ್ದದ್ದು ಸ್ಟ್ಯಾಲಗ್ಮೈಟ್. ನಾವು ಮಕ್ಕಳಿಗೆ ಇಳಿಗಲ್ಲು, ಏಳುಗಲ್ಲು ಎಂದು ಹೇಳಿಕೊಡುತ್ತೇವೆ. ಎರಡೂ ಕೂಡಿದರೆ ಕಂಬ.

ಹುಳಿಗೆ ಕಲ್ಲು ಕರಗುವುದನ್ನು ನೋಡಲು ನಿಮ್ಮ ಅಡುಗೆಮನೆಯೇ ಸಾಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಡುಗೆಕಟ್ಟೆಗೆ ಹಾಸಿರುವುದು ಕಡಪ ಕಲ್ಲು. ಬೇಲಂ ಇರುವುದು ಅದೇ ಸೀಮೆಯ ಸುಣ್ಣದ ಕಲ್ಲಿನಲ್ಲಿ. ಕಟ್ಟೆಯ ಮೇಲೆ ನಿಂಬೆರಸ ಚೆಲ್ಲಿ ಒರೆಸದೆ ಬಿಟ್ಟರೆ ಮಂಕಾದ ಕಲೆ ಉಳಿಯುತ್ತದೆ. ಅಲ್ಲಿ ಕಲ್ಲಿನ ಮೇಲ್ಮೈ ಅಷ್ಟು ಕರಗಿದೆ.

ವರ್ಷಕ್ಕೆ ಎಷ್ಟು ಬೆಳೆಯುತ್ತೆ?

ಗುಹೆಯಿಂದ ಗುಹೆಗೆ, ಹನಿಯಿಂದ ಹನಿಗೆ ಬೇರೆ. ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತಾರೆ. ಹಾಗಾದರೆ ಒಂದು ಗೇಣು ಬೆಳೆಯಲು ಎರಡು ಸಾವಿರ ವರ್ಷ. ಹಳೇಬೀಡಿನ ಗುಡಿ ಕಟ್ಟುವಾಗ ಬೀಳಲು ಶುರುವಾದ ಹನಿ ಇವತ್ತಿಗೆ ನಿಮ್ಮ ನಡುಬೆರಳಿನಷ್ಟು ಉದ್ದದ ಕಲ್ಲು ಮಾಡಿರುತ್ತದೆ.

ಈ ಕಲ್ಲುಗಳು ಹಳೆಯ ಮಳೆಯ ಲೆಕ್ಕವನ್ನೂ ಇಟ್ಟುಕೊಂಡಿರುತ್ತವೆ. ಅಡ್ಡ ಕೊಯ್ದು ನೋಡಿದರೆ ಪದರ ಪದರ. ಒಂದೊಂದು ಪದರದ ಆಮ್ಲಜನಕವನ್ನು ಪರೀಕ್ಷೆ ಮಾಡಿ ಆ ಕಾಲದ ಮುಂಗಾರು ಹೇಗಿತ್ತು ಎಂದು ಹೇಳಬಹುದು. ಮೇಘಾಲಯದ ಮಾವ್ಮ್ಲುಹ್ ಗುಹೆಯ ಒಂದು ಏಳುಗಲ್ಲಿನಲ್ಲಿ 4200 ವರ್ಷದ ಹಿಂದಿನ ದೊಡ್ಡ ಬರದ ಗುರುತು ಸಿಕ್ಕಿತು. ಅದರ ಮೇಲೆಯೇ 2018ರಲ್ಲಿ ಭೂಮಿಯ ಇತಿಹಾಸದ ಈಗಿನ ಘಟ್ಟಕ್ಕೆ ‘ಮೇಘಾಲಯನ್’ ಎಂದು ಜಗತ್ತಿನ ಭೂವಿಜ್ಞಾನಿಗಳು ಹೆಸರಿಟ್ಟರು. ಒಂದು ಕಲ್ಲು ಮುರಿದರೆ ಇಂಥ ಲೆಕ್ಕದ ಪುಸ್ತಕವೇ ಹರಿದ ಹಾಗೆ.

ಸುಮ್ನೆ ಒಂದ್ಸಲ ಮುಟ್ಟಿದರೆ ಏನಾಗುತ್ತೆ?

ನಾವು ಜಾಸ್ತಿ ಹೊತ್ತು ಮಾತಾಡುವುದು ಇದರ ಬಗ್ಗೆಯೇ, ದಯವಿಟ್ಟು ಪೂರ್ತಿ ಓದಿ.

ನಮ್ಮ ಕೈಯಲ್ಲಿ ಎಣ್ಣೆಯಂಶ ಇರುತ್ತದೆ, ಬೆವರು, ಕೊಳೆ ಇರುತ್ತದೆ. ಬೆಳೆಯುತ್ತಿರುವ ಕಲ್ಲಿನ ತುದಿಗೆ ಅದು ಅಂಟಿದರೆ ಹೊಸ ಸುಣ್ಣ ಸರಿಯಾಗಿ ಕೂರುವುದಿಲ್ಲ. ಎಣ್ಣೆ ಸವರಿದ ಕಾವಲಿಗೆ ನೀರು ನಿಲ್ಲುತ್ತದೆಯೇ? ಹಾಗೇ. ಕಲ್ಲು ಕಂದುತ್ತದೆ, ಕಪ್ಪಾಗುತ್ತದೆ. ಹಳೇಬೀಡಿನಲ್ಲಿ ಕೈಗೆಟಕುವ ಎತ್ತರದ ಆನೆ, ಕುದುರೆಗಳನ್ನು ನೋಡಿ. ಜನ ಸವರಿ ಸವರಿ ಅಲ್ಲಲ್ಲಿ ಮಿರಮಿರ ಮಿಂಚುತ್ತವೆ. ಬಳಪದ ಕಲ್ಲು ಇನ್ನು ಬೆಳೆಯುವುದಿಲ್ಲ, ಇದ್ದದ್ದು ಸವೆಯುತ್ತದೆ ಅಷ್ಟೆ. ಗುಹೆಯ ಕಲ್ಲು ಇನ್ನೂ ಬೆಳೆಯುತ್ತಿದೆ. ಒಂದು ಬಸ್ಸಿನಲ್ಲಿ ಐವತ್ತು ಮಕ್ಕಳು, ಒಬ್ಬೊಬ್ಬರೂ ಒಂದೇ ಸಲ ಮುಟ್ಟಿದರೂ ದಿನಕ್ಕೆ ಎಷ್ಟು ಬಸ್ಸು ಬರುತ್ತವೆ ಲೆಕ್ಕ ಹಾಕಿ.

ಕೆಲವು ವರ್ಷದ ಹಿಂದೆ ಒಬ್ಬರ ಮನೆಗೆ ಹೋಗಿದ್ದೆ. ಟಿವಿ ಪಕ್ಕದಲ್ಲಿ ಬೆರಳುದ್ದದ ಒಂದು ಕಲ್ಲಿನ ತುಂಡು ಇತ್ತು. ಯಾವುದೋ ಗುಹೆಯಿಂದ ತಂದದ್ದಂತೆ, ಅಲ್ಲಿ ಫಳಫಳ ಹೊಳೆಯುತ್ತಿತ್ತಂತೆ. ಕೈಗೆ ತೆಗೆದುಕೊಂಡೆ. ಒಣಗಿ, ಬೂದಿ ಬಣ್ಣಕ್ಕೆ ತಿರುಗಿ, ಮೇಲೆ ಧೂಳು ಕೂತಿತ್ತು. ಮುರಿದ ಕಡೆ ನಡುವೆ ಸೂಜಿ ತೂರುವಷ್ಟು ಸಣ್ಣ ತೂತು, ನೀರು ಇಳಿಯುತ್ತಿದ್ದ ದಾರಿ. ಅಲ್ಲಿಯ ಹೊಳಪು ನೀರಿನದು. ನೀರಿನಿಂದ ಕಿತ್ತು ತಂದ ಮೇಲೆ ಅದು ಬರೀ ಕಲ್ಲು. ನನಗೆ ತುಂಬಾ ಬೇಸರವಾಯಿತು. ಅವರಿಗೂ ಆಯಿತು, ಗೊತ್ತಿಲ್ಲದೆ ಮಾಡಿದ್ದು.

ಮಕ್ಕಳಿಗೆ ನಾವು ಹೇಳುವುದು: ಮೆಟ್ಟಿಲಿಳಿಯುವಾಗ ಕೈ ಕಂಬಿಯ ಮೇಲೆ, ಇಳಿದ ಮೇಲೆ ಕೈ ಜೇಬಿನಲ್ಲಿ ಅಥವಾ ಬೆನ್ನ ಹಿಂದೆ. ಜಾರುವ ಕಡೆ ಪಕ್ಕದವರ ಕೈ ಹಿಡಿಯಿರಿ, ಕಲ್ಲನ್ನು ಬೇಡ.

ಬೇಲಂ ಒಳಗಿನ ಸಪ್ತಸ್ವರ ಗುಹೆಯಲ್ಲಿ ಕಲ್ಲು ತಟ್ಟಿದರೆ ಸ್ವರ ಬರುತ್ತಂತೆ. ತಟ್ಟಬಹುದಾ?

ಬರುವುದು ನಿಜ. ಗೆಣ್ಣಿನಿಂದ ಅಥವಾ ಕೋಲಿನಿಂದ ತಟ್ಟಿದರೆ ಲೋಹದ ಹಾಗೆ ನಾದ ಬರುತ್ತದೆ. ಆದರೆ ನಾವು ತಟ್ಟುವುದಿಲ್ಲ, ಮಕ್ಕಳಿಗೂ ಬಿಡುವುದಿಲ್ಲ. ಗೈಡ್ ಒಮ್ಮೆ ತೋರಿಸಿದರೆ ಕೇಳಿಸಿಕೊಳ್ಳಿ, ಸಾಕು. ಎಲ್ಲರೂ ಮಾಡ್ತಾರಲ್ಲ ಅಂತ ಮಕ್ಕಳು ಕೇಳುತ್ತಾರೆ. ಎಲ್ಲರೂ ಮಾಡುವುದರಿಂದಲೇ ನಾವಾದರೂ ಬಿಡಬೇಕು ಎಂದು ಹೇಳುತ್ತೇವೆ.

ಪಳೆಯುಳಿಕೆ ಎಲ್ಲಿ ಕಾಣುತ್ತೆ?

ಬೇಲಂ ಗೋಡೆಯಲ್ಲಿ ಡೈನೋಸಾರ್ ಮೂಳೆ ಹುಡುಕಬೇಡಿ. ಚಿಪ್ಪು, ಮೂಳೆ ಇರುವ ಪ್ರಾಣಿಗಳು ಭೂಮಿಯ ಮೇಲೆ ಹೆಚ್ಚಿದ್ದು ಸುಮಾರು 54 ಕೋಟಿ ವರ್ಷದ ಈಚೆಗೆ. ಈ ಸುಣ್ಣದ ಕಲ್ಲು ಅದಕ್ಕಿಂತ ಹಳೆಯದು. ಕಡಪ ಸೀಮೆಯ ಇನ್ನೂ ಹಳೆಯ ಕಲ್ಲುಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಸಿಗುತ್ತದೆ. ಅಂದರೆ ಸೂಕ್ಷ್ಮಜೀವಿಗಳು ಪಾಚಿಯ ಚಾಪೆಯಂತೆ ಹಬ್ಬಿ, ಅದರ ಮೇಲೆ ಸುಣ್ಣ ಕೂತು, ಮತ್ತೆ ಹಬ್ಬಿ ಆದ ಪದರಗಳು. ನೋಡಲು ಕೊಯ್ದ ಎಲೆಕೋಸಿನ ಹಾಗೆ.

ಮೂಳೆಗಳ ಕಥೆ ಬೇರೆ, ಅದು ಅದೇ ಜಿಲ್ಲೆಯ ಬೇತಂಚೆರ್ಲ ಹತ್ತಿರದ ಬಿಲ್ಲಸುರ್ಗಂ ಗುಹೆಗಳದ್ದು. ಅಲ್ಲಿ ಮೂಳೆಗಳಿವೆ ಎಂದು ನ್ಯೂಬೋಲ್ಡ್ ಎಂಬ ಅಧಿಕಾರಿ 1844ರಲ್ಲೇ ಬರೆದಿದ್ದರು. 1880ರ ದಶಕದಲ್ಲಿ ಫೂಟ್ ಮತ್ತು ಅವರ ಮಗ ಗುಹೆಯ ನೆಲ ಅಗೆದರು. ಸಿಕ್ಕ ಮೂಳೆಗಳನ್ನು ಪಳೆಯುಳಿಕೆ ತಜ್ಞ ರಿಚರ್ಡ್ ಲಿಡೆಕರ್ ಪರೀಕ್ಷಿಸಿದರು. ಘೇಂಡಾಮೃಗ, ಕತ್ತೆಕಿರುಬ, ಕತ್ತೆ, ಮುಳ್ಳುಹಂದಿ! ಆ ಘೇಂಡಾಮೃಗಕ್ಕೆ ಕರ್ನೂಲಿನ ಹೆಸರನ್ನೇ ಸೇರಿಸಿ ‘ರೈನೋಸೆರಸ್ ಕರ್ನುಲಿಯೆನ್ಸಿಸ್’ ಎಂದು ಕರೆದರು. ಈಗ ಅಸ್ಸಾಮಿಗೆ ಹೋಗಿ ನೋಡಬೇಕಾದ ಬಳಗದ ಪ್ರಾಣಿ ಒಂದು ಕಾಲದಲ್ಲಿ ನಮ್ಮ ಪಕ್ಕದ ಸೀಮೆಯಲ್ಲಿ ಮೇಯುತ್ತಿತ್ತು. ಗುಹೆಯ ಮಣ್ಣಿನಲ್ಲಿ ಸುಣ್ಣ ಜಾಸ್ತಿ ಇರುವುದರಿಂದ ಮೂಳೆ ಉಳಿಯುತ್ತದೆ. ನಮ್ಮ ಮಲೆನಾಡಿನ ಹುಳಿ ಮಣ್ಣಿನಲ್ಲಿ ದನ ಹೂತರೆ ಸ್ವಲ್ಪ ಕಾಲಕ್ಕೆ ಮೂಳೆಯೇ ಸಿಗುವುದಿಲ್ಲ.

ಬೇಲಂನಲ್ಲಿ ಹಳೆಯ ಕಾಲದ ಮನುಷ್ಯರ ಮಡಕೆ, ವಸ್ತುಗಳು ಸಿಕ್ಕಿವೆ. ಅಲ್ಲಿಯ ಬೌದ್ಧ ಕಾಲದ ವಸ್ತುಗಳು ಅನಂತಪುರದ ಮ್ಯೂಸಿಯಂನಲ್ಲಿವೆ. ಹೇಗೂ ಆ ದಾರಿಯಲ್ಲೇ ಹೋಗುವುದಲ್ಲವಾ, ನಿಲ್ಲಿಸಿ ನೋಡಿ.

ನಮ್ಮ ತೋಟದಲ್ಲಿ ಎಲೆ ಗುರುತಿರುವ ಕಲ್ಲು ಸಿಕ್ಕಿದೆ. ಪಳೆಯುಳಿಕೆ ಇರಬಹುದಾ?

ವರ್ಷಕ್ಕೆ ಇಬ್ಬರಾದರೂ ಕಲ್ಲಿನ ಫೋಟೋ ಕಳಿಸುತ್ತಾರೆ. ಕಪ್ಪು ಜರೀಗಿಡದ ಎಲೆ ಕಲ್ಲಿನ ಮೇಲೆ ಅಚ್ಚೊತ್ತಿದ ಹಾಗೆ ಇರುತ್ತದೆ, ನಂಬಲೇಬೇಕು ಅನ್ನಿಸುತ್ತದೆ. ಬಹುಪಾಲು ಅದು ಡೆಂಡ್ರೈಟ್. ಕಲ್ಲಿನ ಸಣ್ಣ ಬಿರುಕಿನಲ್ಲಿ ಮ್ಯಾಂಗನೀಸ್ ಬೆರೆತ ನೀರು ಹರಡಿ, ಒಣಗಿ ಕವಲು ಕವಲಾಗಿ ಉಳಿದ ಗುರುತು. ಗಿಡವಲ್ಲ, ಖನಿಜ. ಬೇಜಾರು ಮಾಡಿಕೊಳ್ಳಬೇಡಿ, ಇಟ್ಟುಕೊಳ್ಳಿ, ಅದೂ ಅಪರೂಪದ ಚೆಲುವು. ಆದರೆ ತೋಟದಲ್ಲಿ ಕಲ್ಲಿನ ಕೊಡಲಿ, ಹಳೆಯ ಮಡಕೆ, ಶಾಸನ ಏನಾದರೂ ಸಿಕ್ಕಿದರೆ ತೊಳೆಯದೆ, ಜಾಗ ಬದಲಿಸದೆ ಪುರಾತತ್ವ ಇಲಾಖೆಗೆ ತಿಳಿಸಿ.

ಬಾವಲಿ ಇದ್ದರೆ ಏನು ಮಾಡಬೇಕು?

ಏನೂ ಮಾಡಬಾರದು. ಟಾರ್ಚ್ ಅವುಗಳ ಮೇಲೆ ಬಿಡಬೇಡಿ, ಕೂಗಬೇಡಿ. ಹಿಕ್ಕೆ ಇರುವ ಕಡೆ ಧೂಳೆಬ್ಬಿಸಬೇಡಿ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕೋಲಾರದ ಹನುಮನಹಳ್ಳಿಯ ಗುಹೆಯಲ್ಲಿರುವ ಒಂದು ಜಾತಿಯ ಬಾವಲಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಗುಹೆ ಹೋದರೆ ಆ ಜಾತಿಯೇ ಹೋಗುತ್ತದೆ.

ಅಜ್ಜಿ, ಚಿಕ್ಕ ಮಕ್ಕಳು ಬರಬಹುದಾ?

ಬರಬಹುದು, ಮೊದಲ ಹಜಾರಗಳು ವಿಶಾಲವಾಗಿವೆ. ಮುಂದೆ ಕೆಲವು ಕಡೆ ಬಗ್ಗಿ ನಡೆಯಬೇಕು, ಇಕ್ಕಟ್ಟು ಇದೆ. ಉಬ್ಬಸ ಇರುವವರು, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ಹೊರಡಿ. ಇಕ್ಕಟ್ಟಿಗೆ ಹೆದರುವವರನ್ನು ನಾಚಿಸಿ, ಎಳೆದುಕೊಂಡು ಹೋಗಬೇಡಿ. ಒಮ್ಮೆ ಒಬ್ಬ ಹುಡುಗ ಮೊದಲ ತಿರುವಿನಲ್ಲೇ ನಡುಗತೊಡಗಿದ. ಅವನ ಜೊತೆ ಒಬ್ಬ ಮೇಡಂ ಹೊರಗೆ ಬಂದು ಮರದ ಕೆಳಗೆ ಕೂತರು. ಮುಂದಿನ ವರ್ಷ ಅವನೇ ಕೇಳಿಕೊಂಡು ಬಂದ, ಪಾತಾಳಗಂಗೆವರೆಗೂ ಇಳಿದ.

ಫೋಟೋ, ತಿಂಡಿ?

ಮೊಬೈಲ್ ಫೋಟೋ ತೆಗೆಯಿರಿ, ಆದರೆ ಅದಕ್ಕಾಗಿ ಕಂಬಿ ದಾಟಬೇಡಿ. ತಿಂಡಿ ಹೊರಗೇ ಮುಗಿಸಿ. ಒಂದು ಚಿಪ್ಸ್ ಚೂರು ಬಿದ್ದರೂ ಗುಹೆಯಲ್ಲಿ ಇಲ್ಲದ ಹುಳ, ಬೂಸಲು ಬರುತ್ತದೆ. ದೀಪಗಳ ಸುತ್ತ ಗೋಡೆ ಹಸಿರಾಗಿರುವುದನ್ನು ಮಕ್ಕಳಿಗೆ ತೋರಿಸಿ. ಕತ್ತಲಲ್ಲಿ ಪಾಚಿ ಬೆಳೆಯುವುದಿಲ್ಲ, ನಾವು ನೋಡಲೆಂದು ಹಾಕಿದ ಬೆಳಕಿನಿಂದ ಬಂದದ್ದು ಅದು.

ಹತ್ತಿರದಲ್ಲಿ ಬೇರೆ ಏನಿದೆ?

ತಾಡಿಪತ್ರಿಯ ಬುಗ್ಗ ರಾಮಲಿಂಗೇಶ್ವರ, ಚಿಂತಲ ವೆಂಕಟರಮಣ ಗುಡಿಗಳು ವಿಜಯನಗರ ಕಾಲದವು, ಕೆತ್ತನೆ ತುಂಬಾ ಚೆನ್ನಾಗಿದೆ. ಗಂಡಿಕೋಟದಲ್ಲಿ ಪೆನ್ನಾರ್ ನದಿ ಬಂಡೆ ಕೊರೆದು ಮಾಡಿದ ಕಮರಿ ಇದೆ. ಅದು ನಮ್ಮ ನಂದಿಬೆಟ್ಟದಲ್ಲಿ ಹುಟ್ಟುವ ಉತ್ತರ ಪಿನಾಕಿನಿಯೇ. ಉಮಾಮಹೇಶ್ವರ ಗುಡಿ ಇರುವ ಯಾಗಂಟಿಯೂ ದೂರವಿಲ್ಲ.

ಹೋಗುವ ಮುಂಚೆ ಮಕ್ಕಳಿಗೆ ಏನು ಹೇಳಿಕೊಡಬೇಕು?

ಪಾಠಕ್ಕಿಂತ ಒಂದು ಪ್ರಯೋಗ ಮಾಡಿಸಿ. ಎರಡು ಲೋಟ ಬಿಸಿನೀರಿಗೆ ಕರಗುವಷ್ಟೂ ಅಡುಗೆ ಸೋಡಾ ಹಾಕಿ. ಉಲ್ಲನ್ ದಾರದ ಒಂದೊಂದು ತುದಿ ಒಂದೊಂದು ಲೋಟದಲ್ಲಿರಲಿ, ನಡುಭಾಗ ಸ್ವಲ್ಪ ಜೋತುಬೀಳಲಿ, ಕೆಳಗೆ ತಟ್ಟೆ ಇಡಿ. ಕೆಲವು ದಿನಕ್ಕೆ ದಾರದಿಂದ ಬಿಳಿ ಕಡ್ಡಿ ಇಳಿಯುತ್ತದೆ. ಲೋಟ ಅಲ್ಲಾಡಿಸಿದರೆ ಮುರಿಯುತ್ತದೆ. ಮುರಿದಾಗ ಮಕ್ಕಳ ಮುಖ ನೋಡಬೇಕು.

ನೆನಪಿಗೆ ಏನು ತರಬಹುದು?

ಒಂದು ನೋಟ್‌ಬುಕ್ ಕೊಂಡೊಯ್ಯಿರಿ. ಹನಿ ಬೀಳುವ ಒಂದು ಇಳಿಗಲ್ಲಿನ ಮುಂದೆ ಮಕ್ಕಳನ್ನು ಸುಮ್ಮನೆ ನಿಲ್ಲಿಸಿ, ಟಾರ್ಚ್ ಬೆಳಕು ತುದಿಗೆ ಹಿಡಿಯಿರಿ. ಹನಿ ನಿಧಾನಕ್ಕೆ ಊದುತ್ತದೆ. ತುದಿಯಲ್ಲಿ ಹೊಳೆಯುತ್ತದೆ, ನಡುಗುತ್ತದೆ, ಇನ್ನೇನು ಬಿತ್ತು ಅನ್ನುವಾಗ ಇನ್ನೂ ನಿಲ್ಲುತ್ತದೆ. ಟಪ್. ಅಲ್ಲಿಂದ ಮುಂದಿನ ಹನಿಯವರೆಗೆ ಎಣಿಸಿ ಬರೆದುಕೊಳ್ಳಿ. ನಾವು ಪ್ರತಿ ಸಲ ಒಂದೇ ಕಲ್ಲಿನ ಮುಂದೆ ನಿಲ್ಲುತ್ತೇವೆ. ಮಳೆ ಚೆನ್ನಾಗಿ ಆದ ವರ್ಷ ಎಣಿಕೆ 19 ಇತ್ತು. ಮಳೆ ಕೈಕೊಟ್ಟ ವರ್ಷ 41ರವರೆಗೆ ಹೋಯಿತು, ಐವತ್ತು ಮಕ್ಕಳೂ ಉಸಿರು ಬಿಗಿಹಿಡಿದು ನಿಂತಿದ್ದರು.